ಕುಲ್ಯಾಶ್ ನೆಟ್ಟ ಬಾವುಟಗಳು

ಸೀಸ ಕರಗಿಸುವ ಕಾರ್ಖಾನೆಯ ಕಿಟ್ಟವನ್ನು ಕುಲ್ಯಾಶ್ ಇಪ್ಪತ್ತೆರಡು ವರ್ಷ ಲಾರಿಯಲ್ಲಿ ಸಾಗಿಸಿದವಳು. ಕಾರ್ಖಾನೆ ಮುಚ್ಚಿದ ಮೇಲೆ ಅದರ ಗೇಟಿನೆದುರು ಮಾಂಸ ತುಂಬಿ ಒಲೆಯಲ್ಲಿ ಸುಟ್ಟ ಸಂಸಾ ಕಡುಬು ಮಾರುತ್ತಿದ್ದಳು. ಆ ಕಿಟ್ಟದಿಂದ ವಿಷವಾದ ಮಣ್ಣು ತೆಗೆಯಲು ರಾಜಧಾನಿಯಿಂದ ಬಂದ ಎಂಜಿನಿಯರುಗಳು ನಕ್ಷೆ ನೋಡಿಕೊಂಡು, ಕಿಟ್ಟ ಸುರಿದ ಜಾಗವೆಂದು ಅದರಲ್ಲಿ ಗುರುತಿಸಿದ್ದ ಹನ್ನೆರಡು ಕಿಲೋಮೀಟರು ದೂರದ ಹೊಂಡವನ್ನು ಎರಡು ವಾರ ಅಗೆದರು. ಸಿಕ್ಕಿದ್ದು ಹುಲ್ಲುಗಾವಲಿನ ಶುದ್ಧ ಮಣ್ಣು.

ಸಂಸಾ ಕೊಳ್ಳಲು ಬಂದ ಅವರ ಮುಖ್ಯಸ್ಥ ಝಾನಿಬೆಕ್ ಗೊಣಗಿದ. "ಅಷ್ಟೊಂದು ಕಿಟ್ಟ ಭೂಮಿ ನುಂಗ್ತೋ ಏನೋ ಅಕ್ಕಾ!"

"ಅಷ್ಟು ದೂರ ಯಾವ ಮಹಾರಾಯ ಹೋಗ್ತಿದ್ದ ತಮ್ಮಾ? ಡೀಸೆಲ್ ಉಳಿಸಿದೋರಿಗೆ ಪದಕ ಕೊಡ್ತಿದ್ರು. ನಂಗೇ ಮೂರು ಬಂದಿವೆ."

ಅವನು ಅಗೆಯಬೇಕಾದ ಜಾಗ ಗುರುತಿಸುವ ಕೆಂಪು ಬಾವುಟಗಳ ಕಟ್ಟನ್ನೇ ಅವಳ ಕೈಗಿಟ್ಟ. ಕಾಲುವೆಯ ದಂಡೆ, ಆಟದ ಮೈದಾನ, ಹೀಗೆ ಕಿಟ್ಟ ಸುರಿದಲ್ಲೆಲ್ಲ ಅವಳು ಬಾವುಟ ನೆಡುತ್ತ ಹೋದಳು. ತನ್ನ ಅಂಗಳದ ಟೊಮೆಟೊ ಪಾತಿಯಲ್ಲಿ ಮಾತ್ರ ಮೊದಲು ಗಿಡಗಳನ್ನೆಲ್ಲ ಕಿತ್ತು, ಆಮೇಲೆ ಬಾವುಟ ನೆಟ್ಟಳು. ಅಂಗಳ ಮಟ್ಟಮಾಡಲೆಂದು ಕಾರ್ಖಾನೆಯ ಸಾಹೇಬರನ್ನು ಬೇಡಿ ತಂದ ಕಿಟ್ಟವದು; ಅದರ ಮೇಲೆ ಬೆಳೆದ ಹಣ್ಣನ್ನು ಮೊಮ್ಮಕ್ಕಳಿಗೆ ತಿನ್ನಿಸಿದ್ದಳು.

ಕೊನೆಯ ಬಾವುಟವನ್ನು ಎಂಜಿನಿಯರುಗಳ ಡೇರೆಯೊಳಗೆ, ಊಟದ ಮೇಜಿನ ಪಕ್ಕದಲ್ಲೇ ಊರಿದಳು.

ಝಾನಿಬೆಕ್ ಬೆಚ್ಚಿಬಿದ್ದ. "ಬಂದಾಗಿಂದ ಇಲ್ಲೇ ಉಣ್ತಿದೀವಲ್ಲಕ್ಕಾ! ಮೊದಲೇ ಹೇಳ್ಬಾರ್ದಿತ್ತಾ?"

"ನೀವು ಡೇರೆ ಹಾಕೋ ದಿನಾನೇ ಹೇಳೋಕೆ ಬಂದಿದ್ದೆ. 'ನಮ್ಮತ್ರ ನಕ್ಷೆ ಇದೆ, ನೀನು ಸಂಸಾ ಮಾರ್ಕೋ ಹೋಗು' ಅಂದ್ರಿ."

ಸಂಜೆಯೊಳಗೆ ಡೇರೆ ಕಿತ್ತರು. ಹೊಸದಾಗಿ ಎಲ್ಲಿ ಹಾಕಬೇಕೆಂದು ಈ ಸಲ ಅವಳನ್ನೇ ಕೇಳಿದರು.