ಹುಳ ಇಲ್ಲದಾಗ ಬರುತ್ತೇನೆ

ನಮ್ಮ ಗಣಿತ ವಿಭಾಗದ ನೋಟಿಸ್ ಬೋರ್ಡಿಗೆ ಗಾಜಿನ ಬಾಗಿಲಿತ್ತು, ಬಾಗಿಲಿಗೆ ಬೀಗವಿತ್ತು. ಬೀಗದ ಕೈ ಯಾರ ಹತ್ತಿರ ಇದೆಯೆಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಗಾಜಿನ ಒಳಗೆ ಯಾವ ಕಾಲದ್ದೋ ಪರೀಕ್ಷಾ ವೇಳಾಪಟ್ಟಿ ಹಳದಿಯಾಗುತ್ತಾ ಕೂತಿರುತ್ತಿತ್ತು. ಹೊಸ ಸುದ್ದಿಯೆಲ್ಲ ಗಾಜಿನ ಹೊರಗೆ, ಗೋಂದಿನಲ್ಲಿ ಅಂಟಿಸಿದ್ದು. ಜೋರು ಗಾಳಿ ಬಂದರೆ ಸುದ್ದಿ ಹಾರಿಹೋಗುತ್ತಿತ್ತು. ನಾನು ದಿನಾ ಬೆಳಿಗ್ಗೆ ರಾಮನಗರದಿಂದ ರೈಲಿನಲ್ಲಿ ಬೆಂಗಳೂರಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು, ಓಡೋಡಿ ಬಂದು ಮೊದಲು ಬೋರ್ಡಿನ ಕೆಳಗಿನ ನೆಲ ನೋಡುತ್ತಿದ್ದೆ, ಆಮೇಲೆ ಬೋರ್ಡು. ಅಂಥ ಪುಕ್ಕಲಿ ನಾನು. ನನಗೆ ಸೇರಬೇಕಾದ ಸುದ್ದಿ ಯಾವುದೋ ನನ್ನ ಕೈತಪ್ಪಿ ಹೋಗುತ್ತದೆ ಅನ್ನುವ ದಿಗಿಲು ಎಂ.ಎಸ್ಸಿ. ಓದುವಷ್ಟು ದಿನವೂ ನನ್ನನ್ನು ಬಿಡಲಿಲ್ಲ.

ಕೊನೆಯ ವರ್ಷದ ಬೇಸಿಗೆಗೆ ಮುಂಚೆ ಅಂಥದೊಂದು ಸುದ್ದಿ ಗಾಜಿನ ಮೇಲೆ ಅಂಟಿತು. ಬೊಂಬಾಯಿಯಲ್ಲಿ ಒಂದು ತಿಂಗಳ ಗಣಿತ ಶಿಬಿರ, ಊಟ ವಸತಿ ಅವರದೇ. ನಮ್ಮ ವಿಭಾಗದಿಂದ ಒಬ್ಬರಿಗೆ ಮಾತ್ರ ಅವಕಾಶ. ಆಸೆಯಿದ್ದವರು ಮುಂದಿನ ಶುಕ್ರವಾರ ಸೆಮಿನಾರ್ ಕೊಡಬೇಕು, ಚೆನ್ನಾಗಿ ಕೊಟ್ಟವರು ಹೋಗುತ್ತಾರೆ. ನಾನು ಮೂರು ಸಲ ಓದಿ, ಸುಮ್ಮನೆ ಹೊರಟುಬಿಡುವುದರಲ್ಲಿದ್ದೆ. ನನ್ನ ಹೆಸರು ಬರೆಸಿದ್ದು ನಮ್ಮ ಮೇಷ್ಟ್ರು.

ಅವರೂ ರಾಮನಗರದಲ್ಲಿ ಬಾಡಿಗೆ ಮನೆಯಲ್ಲಿದ್ದರು, ಅದೇ ರೈಲಿನಲ್ಲಿ ಬರುತ್ತಿದ್ದರು. ಸಾತನೂರಿನ ಕಡೆಯ ಹಳ್ಳಿಯವರು. ಬೆರಳ ಸಂದಿಯಲ್ಲಿ ಸದಾ ಸಿಗರೇಟು, ಇನ್ನೊಂದು ಕೈಯಲ್ಲಿ ಸೀಮೆಸುಣ್ಣ. ಒಮ್ಮೆ ಸೀಮೆಸುಣ್ಣವನ್ನೇ ಬಾಯಿಗಿಟ್ಟುಕೊಂಡು ಇಡೀ ತರಗತಿಯನ್ನು ನಗಿಸಿದ್ದರು. ಯಾವ ಪ್ರಮೇಯ ಹೇಳಿದರೂ ಅವರದು ಒಂದೇ ಪ್ರಶ್ನೆ: "ಈ ಷರತ್ತು ಕಿತ್ತುಹಾಕಿ ನೋಡು. ಆಗಲೂ ಪ್ರಮೇಯ ನಿಂತರೆ ಷರತ್ತು ಸುಮ್ಮನೆ ಅಲಂಕಾರಕ್ಕಿತ್ತು ಅಂತ ಅರ್ಥ." ಇನ್ನೊಂದು ಮಾತನ್ನೂ ಒಂದು ದಿನ ತರಗತಿಯಲ್ಲಿ ನಗುತ್ತಲೇ ಹೇಳಿದ್ದರು. "ನಾನು ಮಗ್ಗಿ ಕಲಿತದ್ದು ಇಸ್ಕೂಲಿನ ಜಗಲಿ ಮೇಲೆ ಕೂತು. ನಮ್ಮ ಕೇರಿಯವರು ಒಳಕ್ಕೆ ಹೋಗೋ ಹಂಗಿರಲಿಲ್ಲ. ಕಿಟಕಿಯಿಂದ ಕೇಳಿಸಿಕೊಂಡೇ ಇಪ್ಪತ್ತರವರೆಗೂ ಬಾಯಿಪಾಠ." ನಾವೆಲ್ಲ ನಗಬೇಕೋ ಬೇಡವೋ ತಿಳಿಯದೆ ಪುಸ್ತಕ ನೋಡಿದ್ದೆವು.

ಸೆಮಿನಾರಿನ ತಯಾರಿಗೆಂದು ಮನೆಯಲ್ಲಿ ಉಳಿದೆ. ತಯಾರಿ ಎಲ್ಲಿ ಬಂತು! ರಾಮನಗರದ ಹತ್ತಿರದ ಕೂಟಗಲ್ಲಿನ ನಮ್ಮ ಮನೆಯಲ್ಲಿ ಆಗ ಮನುಷ್ಯರಿಗೆ ಜಾಗವಿರಲಿಲ್ಲ. ರೇಷ್ಮೆಗೆ ಚಿನ್ನದಂಥ ಬೆಲೆ ಬಂದಿದ್ದ ಕಾಲ. ಊರಿಗೆ ಊರೇ ರಾಗಿ ಹೊಲದಲ್ಲಿ ಹಿಪ್ಪುನೇರಳೆ ಹಾಕಿತ್ತು. ಪಡಸಾಲೆ, ನಡುಮನೆ, ದೇವರ ಗೂಡಿನ ಮುಂದೆ, ಎಲ್ಲ ಕಡೆ ಹುಳದ ತಟ್ಟೆ. ನಾವು ಮಲಗುತ್ತಿದ್ದದ್ದು ಜಗಲಿಯಲ್ಲಿ. ಹುಳ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದಿದ್ದವು. ಆಗ ಅವು ತಿನ್ನುವ ಸದ್ದು ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಹಗಲೂ ರಾತ್ರಿ. ಅಪ್ಪ, ಅವ್ವ, ನಾನು, ಸರದಿಯಲ್ಲಿ ಸೊಪ್ಪು ಹಾಕುವುದೇ ಕೆಲಸ. ಒಂದು ಕೈಯಲ್ಲಿ ಸೊಪ್ಪು, ಬಾಯಲ್ಲಿ ಪ್ರಮೇಯ.

ಬಾಗಿಲು ಕಾಯುವುದು ಅಜ್ಜಿಯ ಕೆಲಸ. ಅಬ್ಬಬ್ಬಾ, ಆ ಬಾಗಿಲು! ಒಗ್ಗರಣೆಯ ಘಾಟು ಬರಕೂಡದು, ಊದಿನಕಡ್ಡಿ ಕೂಡದು, ಘಮಘಮ ಎಣ್ಣೆ ಹಚ್ಚಿದ ತಲೆ ಕೂಡದು. ಎಲ್ಲಕ್ಕಿಂತ ಹೊಗೆಸೊಪ್ಪು ಕೂಡದು, ಅದರ ಗಾಳಿ ಸೋಕಿದರೂ ಹುಳ ಕಕ್ಕಿಕೊಂಡು ಸಾಯುತ್ತವೆ. ಬೀಡಿ ಸೇದುವ ಸೋದರಮಾವನನ್ನೇ ಅಜ್ಜಿ ಅಂಗಳದಲ್ಲಿ ನಿಲ್ಲಿಸಿ ಮಾತಾಡಿಸಿ ಕಳಿಸಿದ್ದಳು. ತಾನೂ ಅಷ್ಟೇ, ಹುಳ ಇರುವಷ್ಟು ದಿನ ಹೊಗೆಸೊಪ್ಪಿನ ಚೀಲವನ್ನು ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿ, ಬರೀ ಎಲೆ ಅಡಿಕೆ ಜಗಿಯುತ್ತಾ, ಎಲ್ಲರ ಮೇಲೂ ಸಿಡುಕುತ್ತಿದ್ದಳು.

ಭಾನುವಾರ ಮಧ್ಯಾಹ್ನ ಅಂಗಳದಲ್ಲಿ ಮೊಪೆಡ್ ನಿಂತ ಸದ್ದಾಯಿತು. ನಾನು ನಡುಮನೆಯಲ್ಲಿ ಎರಡೂ ಕೈಯಲ್ಲಿ ತಟ್ಟೆ ಹಿಡಿದಿದ್ದೆ. ಬಾಗಿಲ ಆಚೆ ಮೇಷ್ಟ್ರು! ಒಂದು ಕಾಲು ಆಗಲೇ ಮೆಟ್ಟಿಲ ಮೇಲಿತ್ತು. ಅಜ್ಜಿ ಎರಡೂ ಕೈ ಅಗಲಿಸಿ ಬಾಗಿಲಿಗೆ ಅಡ್ಡ ನಿಂತಳು.

"ಅಲ್ಲೇ ನಿಂತ್ಕಳಿ! ಒಳಕ್ಕೆ ಬರ್ಕೂಡ್ದು."

ಮೇಷ್ಟ್ರು ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. ಗಾಬರಿಯಿಲ್ಲ, ಪ್ರಶ್ನೆಯಿಲ್ಲ. ರೂಢಿಯಾದ ಕಾಲು ಅದು. ಎರಡು ಹೆಜ್ಜೆ ಸರಿದು ಹೊಂಗೆ ಮರದ ಕೆಳಗೆ ನಿಂತರು.

"ಯಾವೂರಾಯ್ತು ನಿಮ್ದು? ಯಾರ ಪೈಕಿ?" ಅಜ್ಜಿ ಕೇಳಿದಳು. ಅವರು ಊರು ಹೇಳಿದರು, ಕೇರಿಯನ್ನೂ ಹೇಳಿದರು. ಆಮೇಲೆ ಅಜ್ಜಿಯ ತಲೆಯ ಮೇಲಿಂದ ನನ್ನ ಕಡೆ ನೋಡಿ ಕೂಗಿ ಹೇಳಿದರು:

"ಸೆಮಿನಾರ್ ಶುಕ್ರವಾರ ಅಲ್ಲಮ್ಮ, ನಾಳೇನೇ, ಹನ್ನೊಂದು ಗಂಟೆಗೆ. ಹೊರಗಿನ ಪ್ರೊಫೆಸರು ನಾಳೆ ಮಾತ್ರ ಇರ್ತಾರಂತೆ. ನಿನ್ನೆ ಸಂಜೆ ನೋಟಿಸ್ ಹಾಕಿದರು. ನೀನು ಬೋರ್ಡು ನೋಡಿರಲ್ಲ ಅಂತ ಬಂದೆ."

ನಾಳೆ! ನಾನು ತಟ್ಟೆ ಹಿಡಿದೇ ಪ್ರಮೇಯದ ಮೊದಲ ಸಾಲು ಹುಡುಕತೊಡಗಿದೆ. ಅಜ್ಜಿ "ಮಜ್ಜಿಗೆ ಕುಡ್ಕಂಡ್ ಓಗಿ ಮೇಷ್ಟ್ರೇ" ಅಂದಳು. "ಬ್ಯಾಡ ಬುಡಿ ಅಜ್ಜಿ" ಅಂದರು ಅವರು, ಅಚ್ಚ ಸಾತನೂರಿನ ಮಾತಿನಲ್ಲಿ, ಮತ್ತು ಹೊರಟೇಬಿಟ್ಟರು. ಮೊಪೆಡ್ಡಿನ ಸದ್ದು ಊರ ಬಾವಿ ದಾಟಿದ ಮೇಲೆ ಅವ್ವ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು ಮೆಲ್ಲಗೆ ಅಂದಳು, "ಏನಂದ್ಕಂಡ್ರೋ ಏನೋ ಕಣವ್ವ ಆ ಮೇಷ್ಟ್ರು."

ನನಗೆ ಹೊಳೆದದ್ದು ಆಗ. ಜಗಲಿಯ ಮೇಲೆ ಕೂತು ಮಗ್ಗಿ ಕಲಿತವರನ್ನು ನಾವು ಜಗಲಿಗೂ ಹತ್ತಿಸಿರಲಿಲ್ಲ. ಅಯ್ಯೋ ಶಿವನೇ, ಅದು ಸಿಗರೇಟಿಗೆ ಅಂತ ಅವರಿಗೆ ಹೇಳುವವರು ಯಾರು? ಬೊಂಬಾಯಿ ಹೋದರೆ ಹೋಗಲಿ, ಆ ಹಿಂದಕ್ಕೆ ಸರಿದ ಕಾಲು ನನ್ನ ಕಣ್ಣಿಂದ ಹೋಗಲಿಲ್ಲ. ನಾನು ಗಣಿತದವಳಲ್ಲವೇ, ಕೂತು ಲೆಕ್ಕ ಹಾಕಿದೆ. ಅಜ್ಜಿ ತಡೆದದ್ದು ಮೊದಲು, ಕೇರಿ ಕೇಳಿದ್ದು ಆಮೇಲೆ. ತಡೆಯುವಾಗ ಅವರು ಯಾರೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅಂದಮೇಲೆ ತಡೆದದ್ದು ಹೊಗೆಯ ವಾಸನೆಗೇ. ಸಾಧಿಸಿದ್ದಾಯಿತು. ಇದನ್ನೇ ನಾಳೆ ರೈಲಿನಲ್ಲಿ ಅವರಿಗೆ ಹೇಳಿಬಿಡಬೇಕು ಅಂದುಕೊಂಡೆ.

ಸೋಮವಾರ ಬೆಳಿಗ್ಗೆ ನೋಡಿದರೆ ಹುಳ ಮೇವು ಬಿಟ್ಟು ಹಣ್ಣಾಗತೊಡಗಿದ್ದವು. ಹಣ್ಣಾದ ಹುಳವನ್ನು ಒಂದೊಂದಾಗಿ ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು, ಆ ದಿನ ಮನೆಯಲ್ಲಿ ಒಂದು ಕೈ ಕಡಿಮೆಯಾದರೂ ಕಷ್ಟ. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಹುಳದಿಂದ ಕಣ್ಣೆತ್ತದೆ ಅಂದರು, "ಓಗ್ ಮಗ, ಓಗು. ಇದು ಮುಂದಿನ್ ತಿಂಗ್ಳೂ ಬತ್ತದೆ. ನಿಂದು ಬರಾಕಿಲ್ಲ."

ರೈಲಿನಲ್ಲಿ ಮೇಷ್ಟ್ರು ಇರಲಿಲ್ಲ. ಎರಡನೇ ಡಬ್ಬಿಯ ಕಿಟಕಿ ಪಕ್ಕ ಅವರು ಕೂರುವ ಜಾಗದಲ್ಲಿ ಚನ್ನಪಟ್ಟಣದ ಯಾರೋ ಬಣ್ಣದ ಗೊಂಬೆಗಳ ಮೂಟೆ ಇಟ್ಟುಕೊಂಡು ಕೂತಿದ್ದರು. ಬೇಕೆಂದೇ ತಪ್ಪಿಸಿಕೊಂಡರು, ಇನ್ನು ನನ್ನ ಮುಖ ನೋಡುವುದಿಲ್ಲ ಎಂದು ಬೆಂಗಳೂರು ಬರುವವರೆಗೂ ಬೆವರಿದೆ.

ಸೆಮಿನಾರ್ ಕೋಣೆಯಲ್ಲಿ ಅವರು ಹಿಂದಿನ ಬೆಂಚಿನಲ್ಲಿ ಬಾಗಿಲ ಪಕ್ಕ ಕೂತಿದ್ದರು. ಬೇಗ ಬಂದು ಹೊರಗಿನ ಪ್ರೊಫೆಸರನ್ನು ಕರೆತರುವ ಕೆಲಸ ಅವರಿಗೆ ಬಿದ್ದಿತ್ತಂತೆ. ನನ್ನ ವಿಷಯ ಸ್ಥಿರಬಿಂದು ಪ್ರಮೇಯ. ಒಂದು ದುಂಡು ತಟ್ಟೆಯನ್ನು ಹರಿಯದೆ ಹೇಗೆ ಬೇಕಾದರೂ ತಿರುಗಿಸಿ, ಹಿಗ್ಗಿಸಿ, ಕುಗ್ಗಿಸಿ ಮತ್ತೆ ಅದೇ ಜಾಗದೊಳಗೆ ಕೂರಿಸಿದರೂ, ಒಂದಾದರೂ ಬಿಂದು ತಾನಿದ್ದಲ್ಲೇ ಇರುತ್ತದೆ ಎಂಬುದು ಅದರ ತಿರುಳು. ಹೇಗೋ ಮುಗಿಸಿದೆ. ಆಗ ಹಿಂದಿನ ಬೆಂಚಿನಿಂದ ಬಂತು:

"ತಟ್ಟೆ ಇಡಿಯಾಗಿರಬೇಕು, ನಡುವೆ ತೂತಿರಬಾರದು ಅಂದೆಯಲ್ಲ. ಆ ಷರತ್ತು ಕಿತ್ತುಹಾಕಿದರೆ?"

ನನಗೆ ಕಂಡದ್ದು ನನ್ನ ಕೈಯ ಬಳೆ. ಕೈ ಎತ್ತಿ, ಬಳೆಯನ್ನು ಒಸಿ ತಿರುಗಿಸಿ ತೋರಿಸಿದೆ. "ಬಳೆಯ ಯಾವ ಬಿಂದುವೂ ಇದ್ದಲ್ಲಿಲ್ಲ ಸಾರ್. ಪ್ರಮೇಯ ಬಿದ್ದುಹೋಗುತ್ತೆ. ಷರತ್ತು ಬೇಕೇಬೇಕು." ಹೊರಗಿನ ಪ್ರೊಫೆಸರು ನಕ್ಕು ತಲೆಯಾಡಿಸಿದರು. ಸಂಜೆಗೆ ಗಾಜಿನ ಮೇಲೆ ನನ್ನ ಹೆಸರು ಅಂಟಿತ್ತು.

ನಾನು ಅದನ್ನು ನೆಟ್ಟಗೆ ಓದಲೂ ಇಲ್ಲ. ಕಾರಿಡಾರಿನಲ್ಲಿ ಸಿಗರೇಟು ಹಚ್ಚುತ್ತಿದ್ದ ಮೇಷ್ಟ್ರ ಮುಂದೆ ನಿಂತು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿದೆ. ಹೊಗೆಸೊಪ್ಪು, ಹುಳ, ಸೋದರಮಾವ, ಕೊಟ್ಟಿಗೆಯಲ್ಲಿ ನೇತಾಡುವ ಅಜ್ಜಿಯ ಚೀಲ, ತಡೆದದ್ದು ಮೊದಲು ಕೇಳಿದ್ದು ಆಮೇಲೆ. ಅವರು ಪೂರ್ತಿ ಕೇಳಿಸಿಕೊಂಡರು. ಕಡ್ಡಿ ಬೆರಳು ಸುಡುವವರೆಗೂ ಉರಿದು ಆರಿತು.

"ಹಂಗಾ?" ಅಂದರು. ಮುಖ ಅರಳಿತ್ತು, ಅದು ನನ್ನ ಭ್ರಮೆಯಲ್ಲ. "ಹುಳ ಇಲ್ಲದಾಗ ಬರುತ್ತೇನೆ, ನಿಮ್ಮಜ್ಜಿಗೆ ಹೇಳು. ನಿನ್ನೆ ಮಜ್ಜಿಗೆ ಬಿಟ್ಟುಬಂದೆನಲ್ಲ, ಕುಡಿದು ಹೋಗುತ್ತೇನೆ."

ನನಗೆ ಹಗುರಾಗಬೇಕಿತ್ತು. ರೈಲು ಬಿಡದಿ ದಾಟುವಷ್ಟರಲ್ಲಿ ಹೊಸ ದಿಗಿಲು ಶುರುವಾಯಿತು. ನಮ್ಮ ಮನೆಯೊಳಗೆ ಅವರ ಕೇರಿಯಂಥ ಕೇರಿಯವರು ಯಾರಾದರೂ ಬಂದದ್ದುಂಟೇ? ಸೊಪ್ಪು ಕೊಯ್ಯಲು ಬರುವ ಹೆಂಗಸರು ಹಿತ್ತಲಲ್ಲಿ ಬೊಗಸೆಯೊಡ್ಡಿ ನೀರು ಕುಡಿಯುತ್ತಾರೆ, ಅವ್ವ ಮೇಲಿಂದ ಸುರಿಯುತ್ತಾಳೆ. ಹುಟ್ಟಿದಾಗಿನಿಂದ ನೋಡಿದ್ದು, ಯೋಚಿಸಿದ್ದು ಅದೇ ಮೊದಲು.

ಗೂಡು ಕಟ್ಟಿತು, ಬಿಡಿಸಿದ್ದಾಯಿತು, ಟೆಂಪೋದಲ್ಲಿ ರಾಮನಗರದ ಮಾರುಕಟ್ಟೆಗೆ ಹೋಗಿ ಒಳ್ಳೆಯ ಬೆಲೆಗೂ ಹೋಯಿತು. ತಟ್ಟೆಗಳನ್ನು ತೊಳೆದು ಬಿಸಿಲಿಗೆ ಹಾಕಿ, ಮನೆಗೆ ಸುಣ್ಣ ಬಳಿದೆವು. ಪಡಸಾಲೆ ಮತ್ತೆ ಪಡಸಾಲೆಯಾಯಿತು. ನನಗೆ ಮಾತ್ರ ಆ ಬಾಗಿಲಿನದೇ ಚಿಂತೆ.

"ಅಜ್ಜಿ, ಮೇಷ್ಟ್ರು ಬತ್ತಾರಂತೆ. ಒಳಕ್ಕೆ ಕರೀತೀಯ ತಾನೆ?"

"ಬರ್ಲಿ ಬುಡವ್ವ. ಬೊಂಬಾಯ್ಗ್ ಕಳಿಸ್ತಾವ್ರೆ ನಿನ್ನ, ಅಂತೋರ್ಗೆ ಮರ್ಯಾದೆ ಮಾಡ್ದೆ ಇರಾಕಾಯ್ತದಾ?" ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಇನ್ನೊಮ್ಮೆ ಕೇಳಲು ನನಗೆ ಧೈರ್ಯ ಬರಲಿಲ್ಲ. ಅಪ್ಪನನ್ನು ಕೇಳಿದೆ. "ಅಜ್ಜಿ ಅವ್ಳಲ್ಲ, ಅವ್ಳ್ನೇ ಕೇಳು" ಅಂದು ಹೊಲಕ್ಕೆ ಹೋದರು.

ಮೇಷ್ಟ್ರು ಬಂದರು. ಇಸ್ತ್ರಿಯ ಅಂಗಿ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಬಾಗಿಲು ಅಗಲಕ್ಕೆ ತೆರೆದಿತ್ತು. ಒಳಗೆ ಸುಣ್ಣದ ಗೋಡೆ, ಖಾಲಿ ಪಡಸಾಲೆ, ಗೋಡೆಗೊರಗಿಸಿದ ಖಾಲಿ ತಟ್ಟೆಗಳು, ಎಲ್ಲ ಅಂಗಳಕ್ಕೇ ಕಾಣುತ್ತಿತ್ತು. ಅವರು ಜೇಬಿನಿಂದ ಸಿಗರೇಟಿನ ಪ್ಯಾಕು, ಬೆಂಕಿಪೊಟ್ಟಣ ತೆಗೆದು ಜಗಲಿಯ ಅಂಚಿನಲ್ಲಿಟ್ಟು, ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಮೆಟ್ಟಿಲ ಮೇಲೆ ಕಾಲಿಟ್ಟರು.

ಅಜ್ಜಿ ಒಳಗಿನಿಂದ ಬಂದಳು. ಬಾಯಲ್ಲಿ ಹೊಗೆಸೊಪ್ಪು, ಮುಖ ತುಂಬ ನಗು, ಕಂಕುಳಲ್ಲಿ ಮದುವೆಗೆ ಮಾತ್ರ ತೆಗೆಯುವ ಹೊಸ ಚಾಪೆ.

"ಬನ್ನಿ ಮೇಷ್ಟ್ರೇ, ಬನ್ನಿ! ಒಳ್ಗೆ ಸೆಕೆ. ಇಲ್ಲೇ ಚೆಂದಾಗ್ ಗಾಳಿ ಬತ್ತದೆ." ಚಾಪೆಯನ್ನು ಜಗಲಿಯ ಮೇಲೆ ಹಾಸಿ ಕೈಯಿಂದ ತಟ್ಟಿ ನೆರಿಗೆ ತೆಗೆದಳು. ತಾತನ ಕಂಚಿನ ಲೋಟದಲ್ಲಿ ಮಜ್ಜಿಗೆ ತಂದಳು. "ನಮ್ ಮಗೀಗೆ ದಾರಿ ತೋರ್ಸಿದ್ರಿ, ನಿಮ್ ಒಟ್ಟೆ ತಣ್ಣಗಿರ್ಲಿ" ಅಂದಳು. ಕಣ್ಣಲ್ಲಿ ನೀರು, ನಿಜವಾದ ನೀರು. ನಾನು ಬಾಗಿಲಲ್ಲಿ ನಿಂತು ಸತ್ತೇಹೋದೆ.

ಮೇಷ್ಟ್ರು ಚಾಪೆಯ ಮೇಲೆ ಕೂತು ಮಜ್ಜಿಗೆಯನ್ನು ಕೊನೆಯ ಹನಿಯವರೆಗೂ ಕುಡಿದರು. ಲೋಟ ಕೆಳಗಿಟ್ಟು, ಅಂಚಿನಲ್ಲಿಟ್ಟಿದ್ದ ಪ್ಯಾಕನ್ನು ಎತ್ತಿಕೊಂಡರು. ನನ್ನನ್ನು ನೋಡಲಿಲ್ಲ.

"ಈಗ ಹುಳ ಇಲ್ಲವಲ್ಲ ಅಜ್ಜಿ, ಒಂದು ಸೇದಬಹುದಾ?"

"ಸೇದಿ ಮೇಷ್ಟ್ರೇ, ಬ್ಯಾಡ ಅಂದೋರ್ಯಾರು?" ಅಂದಳು ಅಜ್ಜಿ. "ನಿಮ್ ಮನೆ ಅಂತ ತಿಳ್ಕಳಿ."