ಸಹಿ ಹಾಕಬಾರದ ಕಾಗದ

ಕರಿಬಸಮ್ಮನಿಗೆ ಸಹಿ ಹಾಕಲು ಬಂದದ್ದು ನಲವತ್ತೊಂದನೇ ವಯಸ್ಸಿಗೆ. ಯಗಟಿ ರಸ್ತೆಯಿಂದ ಎರಡು ಮೈಲಿ ಒಳಗಿರುವ ಕಲ್ಲುದಿಬ್ಬದವಳು, ನಲವತ್ತು ಕುರಿಗಳ ಒಡತಿ. ಮೊದಲ ಸಲ ಗ್ರಾಮ ಪಂಚಾಯಿತಿಗೆ ಗೆದ್ದಾಗ ಸಭೆಯ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದ್ದಳು. ಪಕ್ಕದ ಸದಸ್ಯನೊಬ್ಬ ಶಾಯಿ ಡಬ್ಬಿಯನ್ನು ಬೆರಳ ತುದಿಯಿಂದ ಅವಳ ಕಡೆ ತಳ್ಳಿ ನಕ್ಕಿದ್ದ. ಮಾರನೆಯ ದಿನವೇ ಸಿಂಗಟಗೆರೆಗೆ ಬಸ್ ಹತ್ತಿ, ಹೈಸ್ಕೂಲಿನಿಂದ ನಿವೃತ್ತರಾಗಿದ್ದ ದಾವೂದ್ ಸಾಬ್ ಮೇಷ್ಟ್ರ ಜಗಲಿಯಲ್ಲಿ ಹೋಗಿ ಕೂತಳು. ಹನ್ನೊಂದು ದಿನಕ್ಕೆ ತನ್ನ ಹೆಸರಿನ ಐದಕ್ಷರ ಕಲಿತಳು. ಅಷ್ಟಕ್ಕೇ ನಿಲ್ಲಿಸಿದಳು, ಕುರಿ ಯಾರು ಕಾಯಬೇಕು? ಆಮೇಲೆ ಎಲ್ಲಿ ಕಾಗದ ಕಂಡರೂ, ಯಾರಾದರೂ ಓದಿ ಹೇಳುವವರೆಗೆ ಕಾಯದೆ, ಸಹಿ ಎಲ್ಲಿ ಅಂತ ಕೇಳುವುದೇ ಅವಳ ಧಿಮಾಕಾಯಿತು.

ಆ ಧಿಮಾಕೇ ಅವಳನ್ನು ಕೆಡವಿತು. ಅದೇ ವರ್ಷ ವಿಧಾನ ಪರಿಷತ್ತಿನ ಚುನಾವಣೆ ಬಂತು. ಊರವರಿಗೆ ವೋಟಿಲ್ಲ, ಪಂಚಾಯಿತಿ ಸದಸ್ಯರಿಗೆ ಮತ್ತು ಪೇಟೆಯ ಕೌನ್ಸಿಲರುಗಳಿಗೆ ಮಾತ್ರ. ಅಭ್ಯರ್ಥಿಗಳ ಕಡೆಯವರು ಕಡೂರಿನ ಕಲ್ಯಾಣಮಂಟಪದಲ್ಲಿ ಬಾಡೂಟ ಹಾಕಿದರೇ ಹೊರತು ವೋಟು ಹಾಕುವ ಬಗೆ ಹೇಳಿಕೊಡಲಿಲ್ಲ. ಮತಗಟ್ಟೆಯ ಮೇಜಿನ ಬಳಿ ಸಹಿ ಮಾಡಿಸಿಕೊಂಡು ಬ್ಯಾಲೆಟ್ ಕೊಟ್ಟರು. ಪರದೆಯ ಹಿಂದೆ ಹೋದವಳು ತನಗೆ ಬೇಕಾದವನ ಫೋಟೊ ಹುಡುಕಿ, ಅದರ ಪಕ್ಕದ ಖಾಲಿ ಮನೆಯಲ್ಲಿ ಅಂದವಾಗಿ ಕರಿಬಸಮ್ಮ ಎಂದು ಬರೆದು ಬಂದಳು.

ಚಿಕ್ಕಮಗಳೂರಿನಲ್ಲಿ ಎಣಿಕೆಯ ದಿನ ಆ ಚೀಟಿ ತಿರಸ್ಕೃತವಾಯಿತು. ವೋಟು ಹಾಕಿದವರ ಗುರುತು ಸಿಗುವಂಥದ್ದೇನಿದ್ದರೂ ಅದು ವೋಟಲ್ಲ. ಹಾಳಾದದ್ದಷ್ಟೇ ಆಗಿದ್ದರೆ ಸರಿಹೋಗುತ್ತಿತ್ತು. ಮೇಜಿನ ಸುತ್ತ ಕೂತಿದ್ದ ಏಜೆಂಟರೆಲ್ಲ ಅದನ್ನು ಓದಿದರು. ಪಂಚಾಯಿತಿಯನ್ನು ತೆರೆಮರೆಯಿಂದ ನಡೆಸುತ್ತಿದ್ದ ರುದ್ರಮೂರ್ತಿಗೆ ಅಂದು ಸಂಜೆಯೊಳಗೆ, ತನ್ನ ಕಡೆಯವರ ಬಾಡೂಟ ಉಂಡು ಇವಳು ಎದುರು ಪಕ್ಷದವನಿಗೆ ಹಾಕಿದ್ದಾಳೆಂಬುದು ತಿಳಿಯಿತು. ಕಲ್ಲುದಿಬ್ಬದ ದನಕರುಗಳಿಗೆ ಮಂಜೂರಾಗಿದ್ದ ನೀರಿನ ತೊಟ್ಟಿ ಮುಂದಿನ ಕ್ರಿಯಾಯೋಜನೆಯಿಂದ ಮಾಯವಾಯಿತು. ಅವಧಿ ಮುಗಿಯುವವರೆಗೂ ಅವಳ ಕೇರಿಗೆ ಒಂದು ಪೈಪೂ ಬೀಳಲಿಲ್ಲ.

ಆರು ವರ್ಷ ಕಳೆದು ಮತ್ತೆ ಆ ಚುನಾವಣೆ ಬಂದಾಗ ಎಲ್ಲರ ಮುಖಕ್ಕೂ ಮಾಸ್ಕಿತ್ತು. ಕರಿಬಸಮ್ಮ ಎರಡನೇ ಸಲ ಗೆದ್ದಿದ್ದಳು. ಈಗ ರುದ್ರಮೂರ್ತಿಯ ಹೆಂಡತಿಯೇ ಅಧ್ಯಕ್ಷೆ, ಅವಳ ಕುರ್ಚಿಯಲ್ಲಿ ಕೂರುವವನು ಅವನು. ಓದಲು ಬಾರದ ಸದಸ್ಯರು ಮೊದಲೇ ಅರ್ಜಿ ಕೊಟ್ಟರೆ ಮತಗಟ್ಟೆಗೆ ಜೊತೆಗೊಬ್ಬರನ್ನು ಕರೆದೊಯ್ಯಬಹುದೆಂಬ ನಿಯಮವಿದೆಯಂತೆ, ತನ್ನ ಅಳಿಯ ವಿಜಯ್ ಬಂದು ಬರೆದುಕೊಡುತ್ತಾನೆ, ಹೋದ ಸಲದ ಹಾಗೆ ವೋಟು ಹಾಳಾಗುವುದು ಬೇಡ ಎಂದು ಅವಳ ಹಟ್ಟಿಗೇ ಬಂದು ಹೇಳಿದ. ಅವಳು ಒಲ್ಲೆನೆಂದಳು. ಅವನು ಒತ್ತಾಯ ಮಾಡಲಿಲ್ಲ. ಅದೇ ಅವಳಿಗೆ ಅನುಮಾನ ಹುಟ್ಟಿಸಬೇಕಿತ್ತು.

ಅವಳ ತಲೆಯಲ್ಲಿ ಆಗ ಬೇರೆಯೇ ಹುಳ ಹೊಕ್ಕಿತ್ತು. ಒಂದು ವೋಟಿಗಾಗಿ ಇಷ್ಟು ದೊಡ್ಡವರು ತನ್ನ ಹಟ್ಟಿಯ ಗೊಬ್ಬರ ತುಳಿದುಕೊಂಡು ಬರುತ್ತಾರೆಂದರೆ ಆ ಪರಿಷತ್ತಿನಲ್ಲಿ ಅಂಥದ್ದೇನಿದೆ? ಕೇಳಿಯೇ ಬಿಡೋಣವೆಂದು ಮತ್ತೆ ಸಿಂಗಟಗೆರೆ ಬಸ್ ಹತ್ತಿದಳು.

ದಾವೂದ್ ಸಾಬರು ತೆಂಗಿನ ಗರಿ ಸೀಳುತ್ತ ಕೂತಿದ್ದರು. ಮೇಲ್ಮನೆಯಲ್ಲಿ ಎಪ್ಪತ್ತೈದು ಜನ ಎಂದು ವಿವರಿಸಿದರು. ಇಪ್ಪತ್ತೈದು ಮಂದಿಯನ್ನು ಎಮ್ಮೆಲ್ಲೆಗಳು ಆರಿಸುತ್ತಾರೆ, ಇನ್ನಿಪ್ಪತ್ತೈದು ಮಂದಿಯನ್ನು ಇವಳಂಥ ಸದಸ್ಯರು. ಏಳು ಮಂದಿಯನ್ನು ಪದವೀಧರರು, ಏಳು ಮಂದಿಯನ್ನು ಶಿಕ್ಷಕರು, ಉಳಿದ ಹನ್ನೊಂದು ಮಂದಿ ರಾಜ್ಯಪಾಲರ ನೇಮಕ. ತಾನು ಪದವೀಧರರ ಕಡೆ ವೋಟು ಹಾಕುವವನೆಂದು ಕೊಂಚ ಬೀಗಿದರು.

“ಎಮ್ಮೆಲ್ಲೆಗಳು ಒಂದು ಕಾನೂನು ಮಾಡವ್ರೆ ಅನ್ನಿ ಮೇಷ್ಟ್ರೇ. ಇವ್ರು ಆಗಲ್ಲ ಅಂದ್ರೆ ನಿಂತೋಯ್ತದಾ?”

ನಿಲ್ಲುವುದಿಲ್ಲವಂತೆ. ಮೂರು ತಿಂಗಳು ತಡೆಯಬಹುದು. ಕೆಳಮನೆಯವರು ಮತ್ತೆ ಪಾಸು ಮಾಡಿ ಕಳಿಸಿದರೆ ಇನ್ನೊಂದು ತಿಂಗಳು. ಬಜೆಟ್ಟಿನಂಥದ್ದಾದರೆ ಬರೀ ಹದಿನಾಲ್ಕು ದಿನ. ಕರಿಬಸಮ್ಮ ಎಲೆಯಡಿಕೆಯನ್ನು ಬಾಯಿಯ ಆ ಕಡೆಯಿಂದ ಈ ಕಡೆಗೆ ಹಾಕಿಕೊಂಡಳು.

“ಅಂಗಾರೆ ತುಂಟ ದನಕ್ಕೆ ಕೊರಳಿಗೆ ಕೊರಡು ಕಟ್ತೀವಲ್ಲ, ಅದು. ಓಡೋದು ತಪ್ಪಲ್ಲ, ಜೋರು ಕಮ್ಮಿ ಆಯ್ತದೆ.”

“ಇದನ್ನ ನಾನು ಮೂವತ್ತು ವರ್ಷ ಪಾಠ ಮಾಡ್ದೆ ಕಣಮ್ಮ, ಹಿಂಗೆ ಹೇಳೋಕೆ ಬರ್ಲಿಲ್ಲ,” ಎಂದರು ಸಾಬರು.

ಕೆಳಮನೆಯ ಹಾಗೆ ಅದನ್ನು ವಿಸರ್ಜಿಸುವುದಿಲ್ಲ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಪಾಲು ಜನ ಇಳಿದು ಹೊಸಬರು ಬರುತ್ತಾರೆ ಎಂದದ್ದಂತೂ ಅವಳಿಗೆ ಹೇಳುವ ಮೊದಲೇ ಗೊತ್ತಿದ್ದಂತಿತ್ತು. ಯಾವ ಕುರುಬನೂ ಮಂದೆಯನ್ನೆಲ್ಲ ಒಂದೇ ಸಂತೆಗೆ ಹೊಡೆಯುವುದಿಲ್ಲ. ಮೇಯುವ ಕಾವಲಿನ ದಾರಿ ಬಲ್ಲ ಕುರಿ ನಾಲ್ಕು ಉಳಿದರೆ ತಾನೇ ಮರಿಗಳು ಹಿಂದೆ ಹೋಗುವುದು. ಆದರೆ ಅಲ್ಲಿ ಕೂತವರು ಪಂಚಾಯಿತಿಯ ಬಗ್ಗೆ ಬಾಯಿ ಬಿಡುತ್ತಾರಾ, ಬಿಟ್ಟದ್ದನ್ನು ಬರೆದಿಡುತ್ತಾರಾ, ಆ ಬರಹ ಕೇಳಿದರೆ ಕೊಡುತ್ತಾರಾ ಎಂದು ಬಸ್ ತಪ್ಪುವವರೆಗೂ ಕೇಳಿದಳು. ಪ್ರಶ್ನೋತ್ತರಕ್ಕೇ ಬೇರೆ ಹೊತ್ತಿದೆ, ಎಲ್ಲವೂ ಅಚ್ಚಾಗುತ್ತದೆ ಎಂದರು ಸಾಬರು.

ಕೊನೆಗೆ ವೋಟಿನ ಪಾಠ. ಟಿಕ್ ಹಾಕಬಾರದು, ಹೆಬ್ಬೆಟ್ಟು ಒತ್ತಬಾರದು, ಅಕ್ಷರ ಬರೆಯಬಾರದು. ಅವರೇ ಕೊಡುವ ನೇರಳೆ ಬಣ್ಣದ ಪೆನ್ನಿನಿಂದ, ಮೊದಲು ಬೇಕಾದವರ ಮುಂದೆ ಒಂದು ಎಂಬ ಅಂಕಿ. ಇಷ್ಟವಿದ್ದರೆ ಮುಂದಿನವರಿಗೆ ಎರಡು. ಮೊದಲಿನವನು ಆಟದಿಂದ ಹೊರಬಿದ್ದರೆ ವೋಟು ಎರಡನೆಯವನಿಗೆ ಹೋಗುತ್ತದೆ. “ಸಹಿ ಮಾತ್ರ ಬೇಡ ತಾಯಿ,” ಎಂದು ಸಾಬರು ಕೈ ಮುಗಿದರು. “ಕಲಿಸಿದ ತಪ್ಪು ನಂದೇ.”

ಮತದಾನಕ್ಕೆ ಹತ್ತು ದಿನವಿರುವಾಗ ಪಂಚಾಯಿತಿಯ ಸಾಮಾನ್ಯ ಸಭೆ ನಡೆಯಿತು. ಸಭೆ ಮುಗಿಯುವಾಗ ಒಂದು ಕಟ್ಟು ಕಾಗದ ಎಂದಿನಂತೆ ಕೈಯಿಂದ ಕೈಗೆ ಬಂತು. ರುದ್ರಮೂರ್ತಿ ಬೆರಳಿಟ್ಟಲ್ಲೆಲ್ಲ ಕರಿಬಸಮ್ಮ ಎಂದಿನಂತೆ ಸಹಿ ಹಾಕಿದಳು.

ಮತದಾನದ ದಿನ ಪಂಚಾಯಿತಿ ಕಟ್ಟಡದಲ್ಲೇ ಮತಗಟ್ಟೆ. ಬಾಗಿಲಲ್ಲಿ ವಿಜಯ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದ. ತರೀಕೆರೆ ಕಡೆಯಿಂದ ಬಂದಿದ್ದ ಮತಗಟ್ಟೆ ಅಧಿಕಾರಿ, ಮಧ್ಯವಯಸ್ಸಿನ ಹೆಣ್ಣುಮಗಳು, ಪಟ್ಟಿ ನೋಡಿ, ನಿಮಗೆ ಸಹಾಯಕರ ಅನುಮತಿ ಬಂದಿದೆ, ಇವರೇ ಅಲ್ಲವೇ ಎಂದರು. ತಾನು ಕೇಳಲೇ ಇಲ್ಲವಲ್ಲ ಎಂದಳು ಕರಿಬಸಮ್ಮ. ಅಧಿಕಾರಿ ಅರ್ಜಿಯ ನಕಲು ತೋರಿಸಿದರು. ಅದರ ಕೆಳಗೆ ಅವಳದೇ ಐದಕ್ಷರ, ಮುದ್ದಾಗಿ, ಒಂದು ಒತ್ತೂ ತಪ್ಪದೆ.

“ನೀವೇ ಸಹಿ ಮಾಡಿರೋದು ಕಣಮ್ಮ, ಈಗ ಇಲ್ಲ ಅಂದ್ರೆ ಹೆಂಗೆ?” ಎಂದ ವಿಜಯ್.

ಅವಳು ಆ ಕಾಗದವನ್ನು ಒಂದು ಗಳಿಗೆ ನೋಡಿದಳು. ನನ್ನದಲ್ಲ ಎಂದು ಸುಳ್ಳು ಹೇಳಬಹುದಿತ್ತು.

“ಸಹಿ ಹಾಕ್ದೋಳು ನಾನೇ. ಓದ್ಸಿ ಕೇಳ್ದಂಗೆ ಹಾಕಿದ್ದೂ ನಾನೇ. ಈಗ ಬೇಡ ಅಂತಿರೋಳೂ ನಾನೇ ಕಣಮ್ಮ.”

ಓದಲು ಬರುತ್ತದೆಯೇ ಎಂದು ಅಧಿಕಾರಿ ಕೇಳಿದರು. ಅವರ ದನಿಯಲ್ಲಿ ತಾತ್ಸಾರವಿರಲಿಲ್ಲ, ಕುತೂಹಲವಿತ್ತು.

“ಬರಲ್ಲ. ಮುಖ ಗುರ್ತು ಹಿಡಿಯೋಕೆ ಬತ್ತದೆ, ಒಂದು ಬರೆಯೋಕೆ ಬತ್ತದೆ. ಅದ್ರಾಗೆ ಇನ್ನೇನು ಮಾಡೋದೈತೆ?”

ಅಧಿಕಾರಿ ಕೈಪಿಡಿ ತಿರುವಿದರು, ಕಡೂರಿಗೆ ಫೋನು ಮಾಡಿದರು. ಹಿಂದೆ ಸಾಲಿನಲ್ಲಿದ್ದ ಸದಸ್ಯರು ಮಾಸ್ಕಿನೊಳಗೇ ಗೊಣಗಿದರು. ಕಡೆಗೆ ಫೋನಿಟ್ಟು, ಸಹಾಯ ಬೇಕೆಂದವರಿಗೆ ಅಷ್ಟೇ, ಬೇಡವೆಂದವರ ಹಿಂದೆ ಯಾರನ್ನೂ ಕಳಿಸುವುದಿಲ್ಲ ಎಂದು ವಿಜಯನಿಗೆ ಹೊರಗಿನ ದಾರಿ ತೋರಿಸಿದರು.

ಮೇಜಿನ ಬಳಿ ಈ ಸಲವೂ ಸಹಿ ಹಾಕಿಸಿಕೊಂಡೇ ಬ್ಯಾಲೆಟ್ ಕೊಟ್ಟರು. ಪರದೆಯ ಹಿಂದೆ ನಾಲ್ಕು ಮುಖಗಳು ಅವಳನ್ನು ನೋಡಿದವು. ಬೇಕಾದ ಮುಖ ಸಿಕ್ಕಿತು. ಪೆನ್ನಿನ ಮೂತಿ ಮುಚ್ಚಳದಿಂದ ಹೊರಬಂದದ್ದೇ ತಡ, ಕೈ ತಾನಾಗಿಯೇ ಕ ಅಕ್ಷರದ ಸುತ್ತಿನತ್ತ ತಿರುಗಿತು. ಕಾಗದಕ್ಕೆ ತಾಗುವ ಮೊದಲೇ ಎತ್ತಿದಳು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಮರಿಯ ಕಾಲು ಹಿಡಿದ ಹಾಗೆ ಬಿಗಿಯಾಗಿ ಹಿಡಿದುಕೊಂಡು ಮೇಲಿಂದ ಕೆಳಕ್ಕೆ ಒಂದು ಗೆರೆ ಎಳೆದಳು. ಎರಡು ಬರೆಯಲೇ ಎಂದು ಸ್ವಲ್ಪ ಹೊತ್ತು ಉಳಿದ ಮೂರು ಮುಖಗಳನ್ನು ನೋಡಿದಳು. ಬರೆದಳೋ ಬಿಟ್ಟಳೋ, ಯಾರಿಗೂ ಹೇಳಿಲ್ಲ.

ಎಣಿಕೆಯ ದಿನ ವಿಜಯ್ ಏಜೆಂಟಾಗಿ ಚಿಕ್ಕಮಗಳೂರಿಗೆ ಹೋಗಿದ್ದ. ತಿರಸ್ಕೃತ ಚೀಟಿಗಳನ್ನು ತೋರಿಸಿದಾಗಲೆಲ್ಲ ಕತ್ತು ಚಾಚಿ ನೋಡಿದ. ಒಂದರಲ್ಲಿ ಟಿಕ್ ಇತ್ತು, ಇನ್ನೊಂದರಲ್ಲಿ ಹೆಬ್ಬೆಟ್ಟು. ಮತ್ತೊಂದರಲ್ಲಿ ಯಾರೋ ಪುಣ್ಯಾತ್ಮರು ಇಬ್ಬರಿಗೆ ಒಂದರ ಅಂಕಿ ಕೊಟ್ಟಿದ್ದರು. ಆ ಐದಕ್ಷರ ಮಾತ್ರ ಎಲ್ಲೂ ಸಿಗಲಿಲ್ಲ.

ವಾರದ ಮೇಲೆ ಯಗಟಿಯ ಬಸ್ ನಿಲ್ದಾಣದಲ್ಲಿ ರುದ್ರಮೂರ್ತಿ ತಾನಾಗಿಯೇ ಟೀ ತರಿಸಿಕೊಟ್ಟು, ಕುರಿಗಳ ಆರೋಗ್ಯ ವಿಚಾರಿಸಿ, ಆಮೇಲೆ ಕೇಳಿದ.

“ನಿಜ ಹೇಳಿಬಿಡು ಕರಿಬಸಮ್ಮ. ನಮಗೋ, ಅವರಿಗೋ?”

ಅವಳು ಟೀ ಪೂರ್ತಿ ಕುಡಿದಳು.

“ನೀನೇ ಯೋಚ್ನೆ ಮಾಡ್ಕೋ ರುದ್ರಣ್ಣ, ನಮ್ಮ ಅವಧಿ ಮುಗಿಯೋಕೆ ಇನ್ನೂ ನಾಕು ವರ್ಷ ಟೈಮೈತೆ.”

ರುದ್ರಮೂರ್ತಿಯ ಜೇಬಿನಲ್ಲಿ ಸದಸ್ಯರ ಹೆಸರಿನ ಪಟ್ಟಿಯಿತ್ತು. ಅಂದು ಅವಳ ಹೆಸರಿನ ಮುಂದೆಯೂ ಪ್ರಶ್ನೆಯ ಗುರುತು ಬಿತ್ತು. ಅದಕ್ಕೂ ಮೊದಲೇ ಬೇರೆ ಐವರ ಹೆಸರಿನ ಮುಂದೆ ಬಿದ್ದಿದ್ದವು.