ನೆಲದಡಿಯ ಬಿಸಿಲು

ಆಫೀಸಿನಿಂದ ಬಂದು ಬಾಗಿಲು ತೆಗೆದವಳು ಹೊಸ್ತಿಲಲ್ಲೇ ನಿಂತುಬಿಟ್ಟೆ. ಹೊರಗೆ ಸಿಯಾಟಲ್‌ನ ಹಿಮ ಸುರಿಯುತ್ತಿತ್ತು. ಒಳಗೆ ನಡುಮನೆಯ ನೆಲದ ತುಂಬ ಅತ್ತೆಯ ಹಳೇ ಕಾಟನ್ ಸೀರೆ, ಅದರ ಮೇಲೆ ಸಾಲುಸಾಲು ಅಕ್ಕಿ ಸಂಡಿಗೆ! ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಕೊಡೆ ಹಿಡಿದು, ಮಾವ ಕಾವಲು ಕೂತಿದ್ದರು. ಇಬ್ಬರೂ ಮೈಸೂರಿನಿಂದ ಬಂದು ವಾರವಾಗಿತ್ತಷ್ಟೆ.

ಚಳಿಗಾಲದಲ್ಲಿ ಕಾಲು ಬೆಚ್ಚಗಿರಲೆಂದು ನಾವು ಟೈಲ್ಸ್ ಅಡಿಯಲ್ಲಿ ಕರೆಂಟಿನ ಹೀಟರ್ ಹಾಕಿಸಿದ್ದೆವು. ನನ್ನ ಗಂಡ ಬಂದವರಿಗೆಲ್ಲ ಅದರ ಗುಣಗಾನ ಮಾಡಿದ್ದೇ ಮಾಡಿದ್ದು. ಅತ್ತೆ ಅದನ್ನು ಚೆನ್ನಾಗಿಯೇ ಕೇಳಿಸಿಕೊಂಡಿದ್ದರು.

"ಮನೆಯೊಳಗೇ ಬಿಸಿಲು ಇಟ್ಕೊಂಡು ಸಂಡಿಗೆ ಅಂಗಡಿಯಿಂದ ತರ್ತೀರಲ್ಲಮ್ಮಾ!" ಎಂದು ನನ್ನನ್ನೇ ಗದರಿಸಿದರು.

"ಅದ್ಸರಿ, ಮನೆಯೊಳಗೆ ಕಾಗೆ ಎಲ್ಲಿಂದ ಬರುತ್ತೆ ಮಾವ?" ಎಂದೆ.

ಮಾವ ಮೂಲೆಯಲ್ಲಿದ್ದ ಕಸ ಗುಡಿಸುವ ರೋಬೋ ಕಡೆ ಕೊಡೆ ತೋರಿಸಿದರು. "ಅದೋ ನೋಡಮ್ಮ. ಆಗ್ಲೇ ಒಂದು ಸಾಲು ನುಂಗಿದೆ."

ಅವರು ಊರಿಗೆ ಮರಳಿದ್ದಾರೆ, ಸಂಡಿಗೆ ಡಬ್ಬಿಯೂ ಖಾಲಿ. ಈಗ ನೆಲ ಬೆಚ್ಚಗಾದಾಗಲೆಲ್ಲ ಕಾಲಿಗೆ ಹಿತವೆನ್ನಿಸುವ ಮೊದಲೇ, ಇಷ್ಟೊಂದು ಬಿಸಿಲು ಸುಮ್ಮನೆ ದಂಡವಾಗುತ್ತಿದೆಯಲ್ಲ ಎಂದು ಹೊಟ್ಟೆ ಉರಿಯುತ್ತದೆ.